ಮಕ್ಕಳ ಮನೆಯ ಮಹಾತಾಯಿ: ಡಾ. ಮರಿಯಾ ಮಾಂಟೆಸೊರಿ

ತಮ್ಮ ಬಳಿಗೆ ಬರುತ್ತಿದ್ದ ಮಕ್ಕಳನ್ನು ಶಿಷ್ಯರು ತಡೆದಾಗ ಯೇಸುಸ್ವಾಮಿ ಗದರಿಸಿದ್ದು ಮಕ್ಕಳನ್ನಲ್ಲ, ಶಿಷ್ಯರನ್ನು. ಈ ಪ್ರಸಂಗವನ್ನು ಅರಿಯದ ಕ್ರೈಸ್ತರಿಲ್ಲ. ಆದರೆ ಎತ್ತರದ ಬೀರು, ಅಲುಗಿಸಲಾಗದ ಬೆಂಚು, ಕೈಗೆಟುಕದ ನೀರಿನ ನಲ್ಲಿ ಇವು ಕೂಡ ಮಗುವನ್ನು ತಡೆಯುವ ಅಡ್ಡಿಗಳೇ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಇಟಲಿಯ ಕಥೋಲಿಕ ಮಹಿಳೆ ಡಾ. ಮರಿಯಾ ಮಾಂಟೆಸೊರಿಯವರು. ನಮ್ಮ ದೇವಾಲಯದ ಕಳೆದ ನೂರು ವರ್ಷಗಳನ್ನು ಸ್ಮರಿಸುವ ಈ ಸಂಚಿಕೆಯಲ್ಲಿ ಮುಂದಿನ ನೂರು ವರ್ಷಗಳ ವಾರಸುದಾರರಾದ ಪುಟಾಣಿಗಳ ನೆನಪೂ ಬರಬೇಕಷ್ಟೆ. ಆದಕಾರಣ ಆಕೆಯ ಜೀವನವನ್ನು ನಮ್ಮ ಧರ್ಮಕೇಂದ್ರದ ತಾಯಿತಂದೆಯರ ಮುಂದೆ ಇಡಬಯಸುತ್ತೇವೆ.

ಮರಿಯಾ ಮಾಂಟೆಸೊರಿಯವರು 1870ರ ಆಗಸ್ಟ್ 31ರಂದು ಇಟಲಿಯ ಅಂಕೋನ ನಗರದ ಸಮೀಪದ ಕ್ಯಾರವಾಲ್ಲೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂದ್ರೊ ಸರ್ಕಾರಿ ಅಧಿಕಾರಿ. ತಾಯಿ ರೆನಿಲ್ದೆ ವಿದ್ಯಾಭಿಮಾನಿ. ಮಗಳು ವೈದ್ಯಳಾಗುತ್ತೇನೆಂದು ಹಟ ಹಿಡಿದಾಗ ತಂದೆ ಒಪ್ಪಲಿಲ್ಲ. ತಾಯಿ ಬೆಂಬಲಕ್ಕೆ ನಿಂತರು. ಗಂಡಸರ ಎದುರಿನಲ್ಲಿ ಹೆಣ್ಣೊಬ್ಬಳು ಶವಪರೀಕ್ಷೆ ಮಾಡಬಾರದೆಂಬ ಕಟ್ಟುಪಾಡಿದ್ದುದರಿಂದ, ಎಲ್ಲರೂ ಮನೆಗೆ ತೆರಳಿದ ಮೇಲೆ ಸಂಜೆಗತ್ತಲಲ್ಲಿ ಒಬ್ಬರೇ ಶವಗಳ ಮಧ್ಯೆ ನಿಂತು ಪಾಠ ಕಲಿಯಬೇಕಾಯಿತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಇಟಲಿಯ ಮೊದಲ ವೈದ್ಯೆಯರ ಸಾಲಿಗೆ ಅವರು ಸೇರಿದರು.

ಆ ಕಾಲದಲ್ಲಿ ಬುದ್ಧಿಮಾಂದ್ಯ ಮಕ್ಕಳನ್ನು ಹುಚ್ಚಾಸ್ಪತ್ರೆಯಲ್ಲಿ ದೊಡ್ಡವರೊಂದಿಗೆ ಕೂಡಿಹಾಕುವ ಪದ್ಧತಿಯಿತ್ತು. ಬರಿಗೋಡೆಗಳ ಕೋಣೆಯಲ್ಲಿ, ಮುಟ್ಟಲು ಹಿಡಿಯಲು ಏನೂ ಇಲ್ಲದೆ ಕುಳಿತಿದ್ದ ಆ ಕೂಸುಗಳನ್ನು ಕಂಡು ಯುವ ವೈದ್ಯೆಯ ಕರುಳು ಕರಗಿತು. ಇವರಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣ ಎಂದು ಅವರು ಮನಗಂಡರು. ಇಟಾರ್ ಮತ್ತು ಸೆಗೆನ್ ಎಂಬ ಫ್ರೆಂಚ್ ವೈದ್ಯರ ಗ್ರಂಥಗಳನ್ನು ಅಭ್ಯಸಿಸಿ, ಕೈಯಿಂದ ಮುಟ್ಟಿ ಕಲಿಯುವ ಸಾಧನಗಳನ್ನು ಸಿದ್ಧಪಡಿಸಿದರು.

ಇದೇ ಕಾಲದಲ್ಲಿ ಅವರ ಬಾಳಿನಲ್ಲಿ ಒಂದು ನೋವು ಬಂದೊದಗಿತು. ಜೊತೆಗೆ ದುಡಿಯುತ್ತಿದ್ದ ವೈದ್ಯರೊಬ್ಬರೊಡನೆ ಬೆಳೆದ ಸ್ನೇಹದಿಂದ 1898ರಲ್ಲಿ ಮಾರಿಯೊ ಎಂಬ ಗಂಡುಮಗು ಹುಟ್ಟಿತು, ವಿವಾಹ ನಡೆಯಲಿಲ್ಲ. ಕೂಸನ್ನು ಹಳ್ಳಿಯ ಕುಟುಂಬವೊಂದರ ಆರೈಕೆಗೆ ಒಪ್ಪಿಸಲಾಯಿತು. ಹೆತ್ತವಳು ಆಗಾಗ ಹೋಗಿ ನೋಡಿ ಬರಬಹುದಾಗಿತ್ತೇ ವಿನಾ ತಾನೇ ತಾಯಿಯೆಂದು ಹೇಳಿಕೊಳ್ಳುವಂತಿರಲಿಲ್ಲ. ಈ ಸಂಗತಿಯನ್ನು ನಾವು ಮರೆಮಾಚುವುದಿಲ್ಲ. ತೀರ್ಪನ್ನೂ ನೀಡುವುದಿಲ್ಲ, ಅದು ದೇವರದು. ತನ್ನ ಮಗುವನ್ನು ಎತ್ತಿ ಆಡಿಸಲಾಗದ ತಾಯಿಯೊಬ್ಬಳು ಕಂಡವರ ಮಕ್ಕಳಿಗೆ ಮನೆ ಕಟ್ಟಿಕೊಟ್ಟಳೆಂಬುದನ್ನು ಮಾತ್ರ ಇಲ್ಲಿ ನೆನೆಯುತ್ತೇವೆ.

ರೋಮಿನ ಸಾನ್ ಲೊರೆಂಜೊ ಎಂಬುದು ಕಡುಬಡವರ ಕೇರಿ. ಅಲ್ಲಿನ ಹಾಳುಬಿದ್ದ ಕಟ್ಟಡಗಳನ್ನು ಗೃಹನಿರ್ಮಾಣ ಸಂಸ್ಥೆಯೊಂದು ದುರಸ್ತಿ ಮಾಡಿಸಿ ಕೂಲಿಕಾರರಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿ ಬೆಳಗಾಗುತ್ತಲೇ ಕೆಲಸಕ್ಕೆ ಹೊರಟರೆ, ಶಾಲೆಯ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳಲ್ಲಿ ಅಲೆಯುತ್ತ ಗೋಡೆಗಳನ್ನು ಗೀಚಿ ಕೆಡಿಸುತ್ತಿದ್ದರು. ಗೋಡೆಗೆ ಮತ್ತೆ ಮತ್ತೆ ಬಣ್ಣ ಬಳಿಸುವ ಹಣದಲ್ಲಿ ಮಕ್ಕಳಿಗೊಂದು ಕೋಣೆ ತೆರೆಯುವುದೇ ಮೇಲೆಂದು ಸಂಸ್ಥೆ ಲೆಕ್ಕ ಹಾಕಿ ಮಾಂಟೆಸೊರಿಯವರನ್ನು ಕರೆಯಿತು. ಹೀಗೆ 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಸುಮಾರು ಐವತ್ತು ಮಕ್ಕಳೊಡನೆ ಮೊದಲನೆಯ ‘ಮಕ್ಕಳ ಮನೆ’ ಆರಂಭವಾಯಿತು. ಜ್ಞಾನಿಗಳು ಬೆತ್ಲೆಹೇಮಿನಲ್ಲಿ ಒಂದು ಕೂಸಿನ ಮುಂದೆ ಮೊಣಕಾಲೂರಿದ ದಿನವೇ ಈ ಕಾರ್ಯ ಮೊದಲಾದುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಮೊದಲಿಗೆ ಅಲ್ಲಿದ್ದುದು ಕಚೇರಿಗೆ ಒಪ್ಪುವಂತಹ ಪೀಠೋಪಕರಣ ಮತ್ತು ಬೀಗ ಹಾಕಿದ ಒಂದು ಬೀರು. ಕಲಿಕೆಯ ಸಾಧನಗಳನ್ನು ಉಪಾಧ್ಯಾಯಿನಿ ತೆಗೆದು ಹಂಚಿ, ಮತ್ತೆ ಒಳಗಿಡುತ್ತಿದ್ದಳು. ಒಂದು ದಿನ ಬೀರುವಿಗೆ ಬೀಗ ಹಾಕಲು ಮರೆತುಹೋಯಿತು. ಮರುದಿನ ಅವಳು ತಡವಾಗಿ ಬಂದು ನೋಡುವಾಗ, ಮಕ್ಕಳು ತಾವೇ ಬೀರು ತೆರೆದು ತಮತಮಗೆ ಬೇಕಾದುದನ್ನು ತೆಗೆದುಕೊಂಡು ಕೆಲಸದಲ್ಲಿ ತೊಡಗಿದ್ದರು. ಅವಳಿಗೆ ಇದು ಕಳ್ಳತನವಾಗಿ ಕಂಡಿತು. ಮಾಂಟೆಸೊರಿಯವರಿಗೆ ಕಂಡದ್ದೇ ಬೇರೆ. ಯಾವ ವಸ್ತು ಎಲ್ಲಿರುತ್ತದೆಂದು ಮಕ್ಕಳು ಅರಿತಿದ್ದಾರೆ, ಆರಿಸಿಕೊಳ್ಳಲೂ ಬಲ್ಲರು ಎಂದು ತಿಳಿದು ಅವರು ಆ ದೊಡ್ಡ ಬೀರುವನ್ನು ಬಿಟ್ಟು ಮಕ್ಕಳ ಎದೆಯೆತ್ತರದ ತೆರೆದ ಕಪಾಟುಗಳನ್ನು ಇಡಿಸಿದರು.

ಅಲ್ಲಿಂದ ಮುಂದೆ ಕೋಣೆಯ ಒಂದೊಂದು ವಸ್ತುವೂ ಮಗುವಿನ ಅಳತೆಗೆ ಇಳಿಯಿತು. ನಾಲ್ಕು ವರ್ಷದ ಕೂಸು ತಾನೇ ಎತ್ತಿ ಸಾಗಿಸಬಲ್ಲಷ್ಟು ಹಗುರವಾದ ಮೇಜು ಕುರ್ಚಿಗಳು ಬಂದವು. ಅಜಾಗರೂಕತೆಯಿಂದ ನಡೆದರೆ ಕುರ್ಚಿ ಸದ್ದು ಮಾಡಿ ಉರುಳುತ್ತದೆ. ಗದರುವ ಕೆಲಸ ಉಪಾಧ್ಯಾಯಿನಿಗೆ ಉಳಿಯುವುದಿಲ್ಲ, ಕುರ್ಚಿಯೇ ತಪ್ಪನ್ನು ತಿಳಿಸುತ್ತದೆ. ಊಟಕ್ಕೆ ಒಡೆಯದ ತಗಡಿನ ತಟ್ಟೆಯ ಬದಲು ಪಿಂಗಾಣಿಯನ್ನೂ ಗಾಜಿನ ಲೋಟವನ್ನೂ ಕೊಟ್ಟರು. ಒಡೆಯುವ ವಸ್ತುವನ್ನು ಕೈಯಲ್ಲಿ ಹಿಡಿದವನು ಎಚ್ಚರದಿಂದ ಹೆಜ್ಜೆಯಿಡುತ್ತಾನೆ. ಮಕ್ಕಳ ಎತ್ತರಕ್ಕೆ ತಕ್ಕ ಕೈತೊಳೆಯುವ ಬೋಗುಣಿ, ಅದರ ಬಳಿಯಲ್ಲೇ ಸೋಪು, ಬ್ರಷ್ ಹಾಗೂ ಟವೆಲು ಇದ್ದವು. ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಗುಂಡಿ, ಕೊಂಡಿ, ಲಾಡಿಗಳನ್ನು ಹಾಕಿ ತೆಗೆದು, ಉಡುಪು ಧರಿಸುವುದನ್ನು ಮಕ್ಕಳು ತಾವೇ ಕಲಿತರು. ಒಂದೊಂದು ಬಗೆಯ ಸಾಧನ ಕೋಣೆಗೆ ಒಂದೇ ಇತ್ತು. ಅದು ಇನ್ನೊಬ್ಬನ ಕೈಯಲ್ಲಿದ್ದರೆ ಅವನು ಮುಗಿಸಿ ಸ್ವಸ್ಥಾನದಲ್ಲಿಡುವ ತನಕ ಕಾಯಲೇಬೇಕು. ತಾಳ್ಮೆಯೆಂಬ ಸದ್ಗುಣವನ್ನು ಉಪದೇಶವಿಲ್ಲದೆ ಕಲಿಸುವ ಉಪಾಯವಿದು.

ಒಂದು ದಿನ ಅವರು ಮಕ್ಕಳಿಗೆ ಮೂಗು ಒರೆಸಿಕೊಳ್ಳುವ ಕ್ರಮವನ್ನು ಪಾಠವಾಗಿ ಹೇಳಿಕೊಟ್ಟರು. ಕರವಸ್ತ್ರವನ್ನು ಮಡಿಸಿ, ಸದ್ದಿಲ್ಲದೆ, ಇತರರಿಗೆ ಅಸಹ್ಯವಾಗದಂತೆ ಒರೆಸಿಕೊಳ್ಳುವುದನ್ನು ಮಾಡಿ ತೋರಿಸಿದರು. ಮಕ್ಕಳು ನಗುವರೆಂದು ಭಾವಿಸಿದ್ದರೆ, ಅವರು ಮೌನವಾಗಿ ನೋಡಿ ಕೊನೆಗೆ ಒಮ್ಮೆಲೇ ಚಪ್ಪಾಳೆ ತಟ್ಟಿದರು. ಕಾರಣವನ್ನು ಮಾಂಟೆಸೊರಿಯವರು ಕ್ರಮೇಣ ಗ್ರಹಿಸಿದರು. ಸಿಂಬಳದ ಮೂಗಿಗಾಗಿ ಆ ಬಡಮಕ್ಕಳು ಹುಟ್ಟಿದಂದಿನಿಂದ ಬೈಗುಳ ತಿಂದಿದ್ದರು. ಹೇಗೆ ಒರೆಸಿಕೊಳ್ಳಬೇಕೆಂದು ಅವಮಾನಿಸದೆ ಕಲಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಒಳ್ಳೆಯ ಅಭ್ಯಾಸದ ಬುಡದಲ್ಲಿ ಮಗುವಿನ ಆತ್ಮಗೌರವವಿದೆಯೆಂಬ ಈ ಸತ್ಯ ನಮ್ಮ ಕಣ್ಣನ್ನೂ ತೆರೆಸಬೇಕು.

1908ರ ಡಿಸೆಂಬರಿನಲ್ಲಿ ಸಂಭವಿಸಿದ ಮೆಸ್ಸೀನಾ ಭೂಕಂಪದಿಂದ ಅನಾಥರಾದ ಮಕ್ಕಳನ್ನು ರೋಮಿನ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಕನ್ಯಾಸ್ತ್ರೀಯರು ತಮ್ಮ ಮಠದಲ್ಲಿ ಸಾಕಿದರು. ಈ ಕನ್ಯಾಸ್ತ್ರೀಯರ ಸಭೆ 1877ರಲ್ಲಿ ನಮ್ಮ ನೆರೆಯ ಉದಕಮಂಡಲದಲ್ಲಿ ಮೊಳಕೆಯೊಡೆದುದು. ಊಟ ಬಿಟ್ಟು, ಮಾತು ಬಿಟ್ಟು, ರಾತ್ರಿಯೆಲ್ಲ ಚೀರುತ್ತಿದ್ದ ಆ ಮಕ್ಕಳಿಗಾಗಿ ಮಠದಲ್ಲಿ ಮಕ್ಕಳ ಮನೆ ತೆರೆಯಲಾಯಿತು. ಮೇಜಿಗೆ ಬಟ್ಟೆ ಹಾಸುವುದು, ತಟ್ಟೆ ಜೋಡಿಸುವುದು, ಗಿಡಗಳಿಗೆ ನೀರೆರೆಯುವುದು ಮುಂತಾದ ನಿತ್ಯದ ಚಿಕ್ಕ ಕೆಲಸಗಳಲ್ಲಿ ತೊಡಗಿ ಅವರು ಮತ್ತೆ ನಗುವುದನ್ನು ಕಲಿತರು.

ಖ್ಯಾತಿ ಲೋಕವನ್ನೆಲ್ಲ ವ್ಯಾಪಿಸಿತು. ತಾಯಿ ರೆನಿಲ್ದೆಯವರು 1912ರಲ್ಲಿ ತೀರಿಕೊಂಡ ಬಳಿಕ, ಹದಿನೈದರ ಪ್ರಾಯದ ಮಾರಿಯೊ ಹೆತ್ತ ತಾಯಿಯ ಬಳಿಗೆ ಬಂದು ಸೇರಿದನು. ಮುಂದೆ ಅವರ ಬಲಗೈಯಾದನು. ಸ್ಪೇನಿನ ಬಾರ್ಸಿಲೋನಾದಲ್ಲಿ ನೆಲೆಸಿದ್ದಾಗ ಮಾಂಟೆಸೊರಿಯವರು ಮಕ್ಕಳಿಗಾಗಿಯೇ ಒಂದು ಚಿಕ್ಕ ಪ್ರಾರ್ಥನಾಲಯವನ್ನು ಅಣಿಗೊಳಿಸಿದರು. ಪುಟ್ಟ ಕುರ್ಚಿಗಳು, ಮಕ್ಕಳ ಕಣ್ಣಿನ ಮಟ್ಟದಲ್ಲಿ ಪವಿತ್ರ ಚಿತ್ರಗಳು, ಅವರ ಕೈಗೆಟುಕುವ ತೀರ್ಥದ ಬಟ್ಟಲು ಅಲ್ಲಿದ್ದವು. ಮಕ್ಕಳು ತಾವೇ ಗೋಧಿ ಬಿತ್ತಿ, ದ್ರಾಕ್ಷಿಯ ಬಳ್ಳಿ ಬೆಳೆಸಿ, ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆಂದು ಅರಿತರು. ಮಗು ಜನ್ಮಪಾಪವನ್ನು ಹೊತ್ತು ಬಂದಿದೆಯೆಂಬುದನ್ನು ಈಕೆ ಮರೆತರೆಂದು ಆಕ್ಷೇಪಿಸಿದ ಕಥೋಲಿಕ ಪಂಡಿತರಿದ್ದರು. ಮೆಚ್ಚಿದ ಗುರುಗಳೂ ಇದ್ದರು. ಜಗದ್ಗುರು ಹದಿನೈದನೇ ಬೆನೆಡಿಕ್ಟರು 1918ರಲ್ಲಿ ಅವರನ್ನು ಆಶೀರ್ವದಿಸಿದರು.

ಇಟಲಿಯ ಮುಸ್ಸೊಲಿನಿ ಸರ್ಕಾರದ ಬೆಂಬಲವನ್ನು ಅವರು ಕೆಲವು ವರ್ಷ ಸ್ವೀಕರಿಸಿದ್ದುಂಟು. ಆದರೆ ಮಕ್ಕಳನ್ನು ಸೈನಿಕರಂತೆ ಅಚ್ಚಿಗೆ ಹಾಕುವ ಆಡಳಿತಕ್ಕೂ ಅವರಿಗೂ ಕೂಡಿಬರಲಿಲ್ಲ. 1930ರ ದಶಕದಲ್ಲಿ ಇಟಲಿ, ಜರ್ಮನಿಗಳಲ್ಲಿ ಅವರ ಶಾಲೆಗಳು ಮುಚ್ಚಿದವು. ಸ್ಪೇನಿನ ಅಂತರ್ಯುದ್ಧ 1936ರಲ್ಲಿ ಅವರನ್ನು ಬಾರ್ಸಿಲೋನಾದಿಂದಲೂ ಹೊರಡಿಸಿತು.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಮಗನೊಡನೆ ಅವರು ಮದರಾಸಿನ ಅಡ್ಯಾರಿಗೆ ಬಂದು ಸುಮಾರು ಮುನ್ನೂರು ಮಂದಿಗೆ ತರಬೇತಿ ನೀಡಿದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಶತ್ರುದೇಶದ ಪ್ರಜೆಯೆಂದು ಬಂಧನದಲ್ಲಿರಿಸಿ, ತಾಯಿ ಅಡ್ಯಾರನ್ನು ಬಿಟ್ಟು ಕದಲದಂತೆ ನಿರ್ಬಂಧಿಸಿತು. ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, 1940ರ ಆಗಸ್ಟ್ 31ರಂದು, ವೈಸರಾಯರು ಕಾಣಿಕೆಯಾಗಿ ಮಾರಿಯೊನನ್ನು ಬಿಡುಗಡೆ ಮಾಡಿದರು. ಲೋಕದ ಮುಂದೆ ಬಹುಕಾಲ ಬಂಧುವೆಂದೇ ಕರೆಸಿಕೊಂಡವನನ್ನು ಆ ತಂತಿ ಸಂದೇಶ ಆಕೆಯ ಮಗನೆಂದೇ ಹೆಸರಿಸಿತ್ತು. ನಾಲ್ಕು ದಶಕಗಳ ನೋವಿಗೆ ನಮ್ಮ ನಾಡಿನ ನೆಲದಲ್ಲಿ ಹೀಗೆ ಸಮಾಧಾನ ದೊರೆಯಿತು. ಬಳಿಕ 1942ರಿಂದ ಎರಡು ವರ್ಷ ಕೊಡೈಕನಾಲಿನಲ್ಲಿ ನೆಲೆಸಿ, ಗಿಡ, ಹುಳು, ಕಲ್ಲು, ನಕ್ಷತ್ರಗಳ ಮೂಲಕ ಸೃಷ್ಟಿಯ ಐಕ್ಯವನ್ನು ಮಕ್ಕಳಿಗೆ ತೋರಿಸುವ ಶಿಕ್ಷಣವನ್ನು ಅವರು ರೂಪಿಸಿದರು.

1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಮಾಂಟೆಸೊರಿಯವರು ದೈವಾಧೀನರಾದರು. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪ್ರಿಯ ಭಕ್ತಾದಿಗಳೇ, ಆಕೆಯ ಹೆಸರನ್ನು ಫಲಕದಲ್ಲಿ ಬರೆಸುವುದು ಸುಲಭ. ಆಕೆಯ ಕಣ್ಣಿನಿಂದ ನಮ್ಮ ಮನೆಯನ್ನು ನೋಡುವುದು ಕಷ್ಟ. ನಮ್ಮ ಮನೆಗಳಲ್ಲಿ ಮಗುವಿನ ಬಟ್ಟೆಯನ್ನು ಮಗುವೇ ನೇತುಹಾಕಬಹುದಾದ ಗೂಟವಿದೆಯೆ? ತನ್ನ ಲೋಟವನ್ನು ತಾನೇ ತೊಳೆದಿಡುವ ಜಾಗವಿದೆಯೆ? ಕೈಗೆಟುಕದಂತೆ ಎಲ್ಲವನ್ನೂ ಮೇಲಿಟ್ಟು, ಮಗುವಿಗೆ ಶಿಸ್ತಿಲ್ಲವೆಂದು ದೂರುವುದು ನ್ಯಾಯವೆ? ಇತರರನ್ನು ಕೇಳುವ ಮೊದಲು ನಮ್ಮನ್ನೇ ನಾವು ಕೇಳಿಕೊಂಡೆವು. ನಮ್ಮ ದೇವಾಲಯದ ಬಾಗಿಲಲ್ಲಿರುವ ತೀರ್ಥದ ಬಟ್ಟಲು ದೊಡ್ಡವರ ಎದೆಯ ಮಟ್ಟದಲ್ಲಿದೆ. ತಾಯಂದಿರು ಮಕ್ಕಳನ್ನು ಎತ್ತಿ ಅವರ ಬೆರಳನ್ನು ಅದರಲ್ಲಿ ಅದ್ದಿಸುವುದನ್ನು ನಾವು ಪ್ರತಿ ಭಾನುವಾರ ನೋಡುತ್ತ ಬಂದಿದ್ದರೂ ಅದರ ಅರ್ಥ ನಮಗೆ ಹೊಳೆದಿರಲಿಲ್ಲ. ಈ ಶತಮಾನೋತ್ಸವದ ನೆನಪಿಗೆ ಅದರ ಕೆಳಗೆ ಇನ್ನೊಂದು ಚಿಕ್ಕ ಬಟ್ಟಲನ್ನು ಇಡಿಸಬೇಕೆಂದು ನಿಶ್ಚಯಿಸಿದ್ದೇವೆ. ಮೂರು ವರ್ಷದ ಮಗು ತಾನೇ ನಡೆದು ಬಂದು, ತಾನೇ ಬೆರಳದ್ದಿ, ಹಣೆಯ ಮೇಲೆ ಶಿಲುಬೆಯ ಗುರುತನ್ನು ಮಾಡಿಕೊಳ್ಳಲಿ. ತಾಯಂದಿರು ಪಕ್ಕದಲ್ಲಿ ನಿಂತು ನೋಡಲಿ.