ಗಣಿತವನ್ನು ಮಗುವಿನ ಕೈಗಿತ್ತ ಡಾ. ಮಾಂಟೆಸೊರಿ

ಪ್ರಾಥಮಿಕ ಶಾಲೆಯ ಪಾಠಗಳಲ್ಲಿ ಮಕ್ಕಳನ್ನು ಜಾಣರು, ದಡ್ಡರು ಎಂದು ಎಲ್ಲಕ್ಕಿಂತ ಬೇಗ ಬೇರ್ಪಡಿಸುವ ವಿಷಯವೆಂದರೆ ಗಣಿತ. ಒಂದು ಲೆಕ್ಕ ತಪ್ಪಿದ ಮಗು ಮರುದಿನದ ಲೆಕ್ಕಕ್ಕೆ ಅಂಜುತ್ತದೆ. ಅಂಜಿಕೆಯಿಂದ ಮತ್ತೆ ತಪ್ಪುತ್ತದೆ. ಕಡೆಗೆ ಗಣಿತ ತನ್ನ ಹಣೆಯಲ್ಲಿ ಬರೆದಿಲ್ಲವೆಂದು ಕೈಚೆಲ್ಲಿ ಕೂಡುತ್ತದೆ. ಮಗ್ಗಿಯನ್ನು ಇನ್ನಷ್ಟು ಸಲ ಒಪ್ಪಿಸಹೇಳುವುದು, ಅದೇ ಲೆಕ್ಕವನ್ನು ಹತ್ತು ಬಾರಿ ಬರೆಯಿಸುವುದು, ಅದಕ್ಕೂ ಬಗ್ಗದಿದ್ದರೆ ಬೆತ್ತ ಹಿಡಿಯುವುದು, ಇದು ಬಹುಕಾಲ ನಡೆದುಬಂದ ಚಿಕಿತ್ಸೆ. ರೋಗವಿರುವುದು ಮಗುವಿನಲ್ಲಿಯೋ, ಕಲಿಸುವ ರೀತಿಯಲ್ಲಿಯೋ ಎಂದು ವೈದ್ಯರ ಕಣ್ಣಿನಿಂದ ಪರೀಕ್ಷಿಸಿ, ಪರಿಹಾರವನ್ನು ಉಪಾಧ್ಯಾಯರ ತರಬೇತಿಯಲ್ಲಿ ಅರಸಿದ ಮಹನೀಯರಲ್ಲಿ ಇಟಲಿಯ ಡಾ. ಮರಿಯಾ ಮಾಂಟೆಸೊರಿಯವರ ಹೆಸರು ಅಗ್ರಗಣ್ಯವಾದುದು.

ಮರಿಯಾ ಜನಿಸಿದ್ದು 1870ರ ಆಗಸ್ಟ್ 31ರಂದು, ಆಂಕೋನಾ ಪಟ್ಟಣದ ಸಮೀಪದ ಕ್ಯಾರವಾಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ಅಧಿಕಾರಿ. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿಯುಳ್ಳ ಸುಸಂಸ್ಕೃತೆ. ಕುಟುಂಬವು ರೋಮ್ ನಗರದಲ್ಲಿ ನೆಲೆಸಿದ ಮೇಲೆ ಬಾಲಕಿಗೆ ಗಣಿತದಲ್ಲಿ ವಿಶೇಷ ಒಲವು ಮೂಡಿತು. ಆ ಕಾಲದ ಹೆಣ್ಣುಮಕ್ಕಳು ಹೋಗದಿದ್ದ ತಾಂತ್ರಿಕ ಶಾಲೆಯನ್ನು ಸೇರಿ, ಎಂಜಿನಿಯರ್ ಆಗಬೇಕೆಂದು ಆಕೆ ಬಯಸಿದಳು. ಮಗಳು ಉಪಾಧ್ಯಾಯಿನಿಯಾಗಲಿ ಎಂಬುದು ಹೆತ್ತವರ ಆಸೆ. ಅದೊಂದನ್ನು ಮಾತ್ರ ಆಕೆ ಒಪ್ಪಲಿಲ್ಲ. ಮುಂದೆ ಮನಸ್ಸು ವೈದ್ಯಶಾಸ್ತ್ರದತ್ತ ತಿರುಗಿ, ಅನೇಕ ಅಡ್ಡಿಗಳನ್ನೆದುರಿಸಿ 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದ ವೈದ್ಯ ಪದವಿಯನ್ನು ಪಡೆದರು. ಇಟಲಿಯಲ್ಲಿ ಆ ಪದವಿ ಪಡೆದ ಮೊದಲ ಕೆಲವೇ ಮಹಿಳೆಯರಲ್ಲಿ ಅವರೂ ಒಬ್ಬರು. ಒಲ್ಲೆನೆಂದ ಉಪಾಧ್ಯಾಯ ವೃತ್ತಿಯೇ ಅವರನ್ನು ಅರಸಿಕೊಂಡು ಬಂದುದು ವಿಧಿಯ ವಿಲಾಸವೆನ್ನಬೇಕು.

ರೋಮಿನ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಬುದ್ಧಿಮಾಂದ್ಯರೆಂದು ಆಗ ಕರೆಯಲಾಗುತ್ತಿದ್ದ ಮಕ್ಕಳ ದುಃಸ್ಥಿತಿ ಅವರ ಮನವನ್ನು ಕಲಕಿತು. ಈ ಮಕ್ಕಳಿಗೆ ಬೇಕಾದುದು ಔಷಧಿಗಿಂತ ಮಿಗಿಲಾಗಿ ಶಿಕ್ಷಣವೆಂಬ ನಿರ್ಣಯಕ್ಕೆ ಅವರು ಬಂದರು. ಫ್ರಾನ್ಸಿನ ಇಟಾರ್ ಮತ್ತು ಸೆಗ್ಯಾಂ ಎಂಬ ವೈದ್ಯರ ಗ್ರಂಥಗಳನ್ನು ಆಳವಾಗಿ ಅಭ್ಯಸಿಸಿದರು. 1900ರಲ್ಲಿ ಇಂಥ ಮಕ್ಕಳ ಉಪಾಧ್ಯಾಯರನ್ನು ತರಬೇತುಗೊಳಿಸುವ ಶಾಲೆಯೊಂದು ರೋಮಿನಲ್ಲಿ ಆರಂಭವಾದಾಗ ಅದರ ನಿರ್ದೇಶಕರಲ್ಲಿ ಒಬ್ಬರಾದರು. ಬೆಳಗಿನಿಂದ ಸಂಜೆಯವರೆಗೆ ಮಕ್ಕಳೊಡನಿದ್ದು ಸ್ವತಃ ಕಲಿಸುವರು. ರಾತ್ರಿ ಕುಳಿತು ಆ ದಿನ ಕಂಡುದನ್ನೆಲ್ಲ ಬರೆದಿಟ್ಟು ವಿಂಗಡಿಸುವರು. ಆ ಮಕ್ಕಳಲ್ಲಿ ಕೆಲವರು ಓದು ಬರಹದಲ್ಲಿ ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲಿಯೇ ಉತ್ತೀರ್ಣರಾದರು. ಲೋಕವು ಬೆರಗಾಯಿತು. ಆದರೆ ಡಾ. ಮಾಂಟೆಸೊರಿಯವರನ್ನು ಕಾಡಿದ ಪ್ರಶ್ನೆ ಬೇರೆ. ಇಷ್ಟು ಹಿಂದುಳಿದ ಮಕ್ಕಳು ಇಷ್ಟು ಮುಂದೆ ಬರಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಎಷ್ಟು ಕೆಳಗೆ ಹಿಡಿದಿಟ್ಟಿರಬೇಕು ಎಂದು ಅವರು ಚಿಂತಿಸತೊಡಗಿದರು.

ಆ ಚಿಂತೆಯ ಫಲವೇ 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತೆರೆದ ಮಕ್ಕಳ ಮನೆ. ಕೂಲಿಕಾರರ ಸುಮಾರು ಐವತ್ತು ಎಳೆಯ ಮಕ್ಕಳು ಅಲ್ಲಿ ಸೇರಿದರು. ತಮ್ಮ ಅಳತೆಯ ಮೇಜು ಕುರ್ಚಿಗಳು, ಕೈಯಲ್ಲಿ ಹಿಡಿದು ಮಾಡಬಲ್ಲ ಸಾಮಗ್ರಿಗಳು, ಬೇಕೆನಿಸಿದಷ್ಟು ಹೊತ್ತು ಒಂದೇ ಕೆಲಸದಲ್ಲಿ ಮುಳುಗಿರುವ ಸ್ವಾತಂತ್ರ್ಯ ಅವರಿಗೆ ದೊರೆಯಿತು. ತುಂಟರೆನಿಸಿದ್ದ ಮಕ್ಕಳು ಏಕಾಗ್ರಚಿತ್ತರಾದುದನ್ನು ನೋಡಲು ದೇಶವಿದೇಶಗಳ ಜನ ಬಂದರು.

ಗಣಿತ ಬೋಧನೆಗೆ ಡಾ. ಮಾಂಟೆಸೊರಿಯವರು ರೂಪಿಸಿದ ಸಾಮಗ್ರಿಗಳನ್ನು ಉಪಾಧ್ಯಾಯರಾದವರು ವಿವರವಾಗಿ ತಿಳಿಯುವುದು ಅಗತ್ಯ. ಮೊದಲನೆಯದು ಹತ್ತು ಕೋಲುಗಳು. ಅತಿ ಚಿಕ್ಕದು 10 ಸೆಂಟಿಮೀಟರ್, ಅತಿ ಉದ್ದದ್ದು ಒಂದು ಮೀಟರ್. ಪ್ರತಿ 10 ಸೆಂಟಿಮೀಟರಿಗೆ ಕೆಂಪು, ನೀಲಿ ಬಣ್ಣಗಳು ಬದಲಾಗುತ್ತವೆ. ಐದು ಎಂಬುದು ಇಲ್ಲಿ ಬಾಯಲ್ಲಿ ಹೇಳುವ ಶಬ್ದವಲ್ಲ. ಕೈಗೆ ತೂಗುವ, ಕಣ್ಣಿಗೆ ಕಾಣುವ ಒಂದು ಪ್ರಮಾಣ. ಉಪ್ಪು ಕಾಗದದಿಂದ ಕತ್ತರಿಸಿದ ಅಂಕಿಗಳನ್ನು ಮಗು ಬೆರಳಿನಿಂದ ಸವರಿ ಅವುಗಳ ಆಕಾರವನ್ನು ಅರಿಯುತ್ತದೆ. ಸೊನ್ನೆಯಿಂದ ಒಂಬತ್ತರವರೆಗೆ ಗುರುತಿಸಿದ ಗೂಡುಗಳಲ್ಲಿ 45 ಕಡ್ಡಿಗಳನ್ನು ಎಣಿಸಿ ಇಡುವಾಗ ಸೊನ್ನೆಯ ಗೂಡು ಬರಿದಾಗಿಯೇ ಉಳಿಯುತ್ತದೆ. ಸೊನ್ನೆಯ ತತ್ತ್ವ ಮಾತಿಲ್ಲದೆ ಮನದಟ್ಟಾಗುತ್ತದೆ. ಆಮೇಲೆ ಬರುವುದು ಹೊಂಬಣ್ಣದ ಮಣಿಗಳು: ಬಿಡಿ ಮಣಿ ಒಂದು, ಹತ್ತು ಮಣಿ ಪೋಣಿಸಿದ ಸರ ಹತ್ತು, ಹತ್ತು ಸರ ಸೇರಿದ ಚೌಕ ನೂರು, ಹತ್ತು ಚೌಕ ಪೇರಿಸಿದ ಘನ ಸಾವಿರ.

ಈ ಮಣಿಗಳ ಬೆಲೆ ತಿಳಿಯುವುದು ಮಗು ಎಡವಿದಾಗ. 27ಕ್ಕೆ 35ನ್ನು ಕೂಡಿಸಿ 512 ಎಂದು ಬರೆಯುವ ಮಕ್ಕಳು ಪ್ರತಿ ಶಾಲೆಯಲ್ಲಿಯೂ ಇದ್ದಾರೆ. ಏಳು ಐದು ಹನ್ನೆರಡು, ಎರಡು ಮೂರು ಐದು ಎಂಬ ಅದರ ಎಣಿಕೆಯಲ್ಲಿ ತಪ್ಪಿಲ್ಲ. ಸ್ಥಾನಬೆಲೆಯ ಅರಿವು ಮಾತ್ರ ಇಲ್ಲ. ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಅದೇ ತಪ್ಪು ಇಪ್ಪತ್ತು ಸಲ ಗಟ್ಟಿಯಾಗುತ್ತದೆ. ಮಣಿಗಳನ್ನು ಕೈಗಿತ್ತರೆ ಹನ್ನೆರಡು ಬಿಡಿ ಮಣಿಗಳು ಮುಂದೆ ಬೀಳುತ್ತವೆ. ಹತ್ತನ್ನು ಕೊಟ್ಟು ಒಂದು ಸರವನ್ನು ಮಗು ತಾನೇ ಬದಲಾಯಿಸಿಕೊಳ್ಳುತ್ತದೆ. ಆರು ಸರ, ಎರಡು ಮಣಿ ಕಣ್ಣೆದುರಿಗಿರುವಾಗ 62 ಎಂಬ ಉತ್ತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಠದ ಕ್ರಮವನ್ನು ಅವರು ಸೆಗ್ಯಾಂನಿಂದ ಪಡೆದು ಬೆಳೆಸಿದರು. ಮೊದಲು ವಸ್ತುವನ್ನೂ ಹೆಸರನ್ನೂ ಜೋಡಿಸಿ ತೋರಿಸುವುದು. ಅನಂತರ ಹೆಸರು ಹೇಳಿ ವಸ್ತುವನ್ನು ಗುರುತಿಸಹೇಳುವುದು. ಕಡೆಗೆ ವಸ್ತುವನ್ನು ತೋರಿಸಿ ಹೆಸರು ಕೇಳುವುದು. ಎರಡನೆಯ ಹಂತದಲ್ಲಿ ಮಗು ತಪ್ಪಿದರೆ ಗದರಬಾರದು, ಒತ್ತಾಯಿಸಲೂಬಾರದು. ನಗುಮುಖದಿಂದ ಪಾಠವನ್ನು ನಿಲ್ಲಿಸಿ ಇನ್ನೊಂದು ದಿನ ಮೊದಲಿನಿಂದ ತೊಡಗಬೇಕು. ಒಂದು ಸಲಕ್ಕೆ ಒಂದೇ ಕಷ್ಟವನ್ನು ಮಗುವಿನ ಮುಂದಿಡಬೇಕು. ತಪ್ಪನ್ನು ಉಪಾಧ್ಯಾಯರ ಕೆಂಪು ಶಾಯಿಯಲ್ಲ, ಸಾಮಗ್ರಿಯೇ ತೋರಿಸಿಕೊಡಬೇಕು.

ಇಂಥ ಬೋಧನೆಗೆ ಉಪಾಧ್ಯಾಯರೇ ಮೊದಲು ಸಿದ್ಧರಾಗಬೇಕಲ್ಲವೆ? 1909ರಲ್ಲಿ ಚಿತ್ತಾ ದಿ ಕಾಸ್ತೆಲ್ಲೊ ಎಂಬಲ್ಲಿ ಮೊದಲ ತರಬೇತಿ ಶಿಬಿರವನ್ನೂ, 1913ರಲ್ಲಿ ರೋಮಿನಲ್ಲಿ ಮೊದಲ ಅಂತರರಾಷ್ಟ್ರೀಯ ಶಿಬಿರವನ್ನೂ ಅವರು ನಡೆಸಿದರು. ಶಿಬಿರಾರ್ಥಿಗಳು ಉಪನ್ಯಾಸ ಕೇಳಿದರೆ ಸಾಲದು. ಪ್ರತಿಯೊಂದು ಸಾಮಗ್ರಿಯನ್ನೂ ತಾವೇ ಕೈಯಲ್ಲಿ ಹಿಡಿದು ಪಳಗಬೇಕು, ಕಲಿತುದನ್ನು ಸ್ವಹಸ್ತದಿಂದ ಬರೆದಿಡಬೇಕು, ಮಕ್ಕಳ ನಡುವೆ ಮೌನವಾಗಿ ಕುಳಿತು ನೋಡಬೇಕು. ಯಾವ ಮಗು ಎಲ್ಲಿ ತಡವರಿಸಿತು ಎಂಬುದನ್ನು ನೋಡಲು ಬಾರದವರಿಗೆ ಕಲಿಸಲೂ ಬಾರದೆಂಬುದು ಅವರ ದೃಢವಾದ ನಂಬಿಕೆ.

ಅವರ ಜೀವನವು ಸುಖದ ಹಾದಿಯಾಗಿರಲಿಲ್ಲ. 1898ರಲ್ಲಿ ಜನಿಸಿದ ಏಕಮಾತ್ರ ಪುತ್ರ ಮಾರಿಯೊನನ್ನು ಸಮಾಜದ ಕಟ್ಟಳೆಗೆ ಅಂಜಿ ಹಳ್ಳಿಯ ಪರರ ಮನೆಯಲ್ಲಿ ಬೆಳೆಸಬೇಕಾಯಿತು. ಹುಡುಗ ತಾಯಿಯ ಬಳಿಗೆ ಬಂದುದು ಹದಿಹರೆಯದಲ್ಲಿ. ಮುಸೊಲಿನಿಯ ಸರ್ಕಾರದ ನೆರವನ್ನು ಕೆಲವು ವರ್ಷ ಸ್ವೀಕರಿಸಿದುದು ಅವರ ಬಾಳಿನ ಟೀಕಾರ್ಹ ಭಾಗ. 1934ರ ಹೊತ್ತಿಗೆ ಆ ಸಂಬಂಧ ಮುರಿದು ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿದವು. ಅದೇ ವರ್ಷ ಅಂಕಗಣಿತ ಮತ್ತು ರೇಖಾಗಣಿತಗಳ ಬೋಧನೆಯನ್ನು ಕುರಿತ ಅವರ ಎರಡು ಗ್ರಂಥಗಳು ಸ್ಪೇನಿನ ಬಾರ್ಸಿಲೋನಾದಲ್ಲಿ ಪ್ರಕಟವಾದವು. ಎರಡು ವರ್ಷಗಳಲ್ಲಿ ಅಲ್ಲಿಯೂ ಅಂತರ್ಯುದ್ಧ ಸಿಡಿದು ಹಾಲೆಂಡಿಗೆ ತೆರಳಬೇಕಾಯಿತು.

1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡಯಾರಿಗೆ ಅವರು ಬಂದಾಗ ವಯಸ್ಸು ಅರವತ್ತೊಂಬತ್ತು. ಮರುವರ್ಷ ಇಟಲಿ ಯುದ್ಧಕ್ಕಿಳಿದ ಕಾರಣ ಬ್ರಿಟಿಷ್ ಸರ್ಕಾರ ಮಾರಿಯೊ ಅವರನ್ನು ಬಂಧನದಲ್ಲಿರಿಸಿತು. ಮರಿಯಾ ಅವರ ಸಂಚಾರಕ್ಕೂ ನಿರ್ಬಂಧ ಬಂದಿತು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದಂದು ಮಗನ ಬಿಡುಗಡೆಯಾಯಿತು. ಅಡಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ಕಾರ್ಯ ಮುಂದುವರಿಯಿತು. ಭಾರತದಲ್ಲಿ ಅವರಿಂದ ತರಬೇತಿ ಪಡೆದ ಉಪಾಧ್ಯಾಯರ ಸಂಖ್ಯೆ ಸಾವಿರವನ್ನು ಮೀರಿತು. 1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅವರು ಕಣ್ಮುಚ್ಚಿದರು.

ಅವರ ಪದ್ಧತಿಗೆ ಆಕ್ಷೇಪಗಳೂ ಬಂದಿವೆ. ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 1914ರಲ್ಲಿಯೇ ಅದನ್ನು ವಿಮರ್ಶಿಸಿದ್ದರು. ಸಾಮಗ್ರಿಗಳು ದುಬಾರಿಯೆಂಬುದೂ, ಅರವತ್ತು ಮಕ್ಕಳ ತರಗತಿಗೆ ಒಗ್ಗುವುದು ಕಷ್ಟವೆಂಬುದೂ ಅಲ್ಲಗಳೆಯಲಾಗದ ಮಾತು. ಆದರೆ ಹುಣಿಸೆ ಬೀಜಗಳೂ, ಹತ್ತು ಹತ್ತರಂತೆ ಕಟ್ಟಿದ ಜೋಳದ ದಂಟಿನ ಕಟ್ಟುಗಳೂ ಸ್ಥಾನಬೆಲೆಯ ಮರ್ಮವನ್ನು ತೋರಿಸಬಲ್ಲವು. ಹಣವಿಲ್ಲದ ಶಾಲೆಗೂ ಆ ತತ್ತ್ವ ಎಟಕುತ್ತದೆ. ನೋಡುವ ಕಣ್ಣು, ಕಾಯುವ ತಾಳ್ಮೆ ಇವೆರಡನ್ನು ಮಾತ್ರ ಉಪಾಧ್ಯಾಯರು ತಮ್ಮಲ್ಲಿಯೇ ಬೆಳೆಸಿಕೊಳ್ಳಬೇಕು.

ದುಡಿಯುವ ಕೈಯಲ್ಲಿ ಅರಿವು ಮೂಡುತ್ತದೆಂಬ ಮಾತು ಕಾಯಕವನ್ನು ಪೂಜ್ಯವೆಂದು ಬಗೆದ ಶರಣರ ನಾಡಿಗೆ ಹೊಸದಲ್ಲ. ಲೆಕ್ಕ ಬಾರದ ಮಗುವನ್ನು ಹಿಂದಿನ ಸಾಲಿಗೆ ಕಳುಹಿಸುವ ಮುನ್ನ, ಅದು ಎಡವಿದ ಹೆಜ್ಜೆ ಯಾವುದೆಂದು ಬಾಗಿ ನೋಡುವ ಉಪಾಧ್ಯಾಯರು ಇರುವವರೆಗೆ ಡಾ. ಮಾಂಟೆಸೊರಿಯವರ ಕೆಲಸ ನಿಂತುಹೋಗದು.