ಅಬ್ಬೆ ದ್ಯುಬುವಾ

ಅಬ್ಬೆ ದ್ಯುಬುವಾ (1766 – ಫೆಬ್ರವರಿ 17, 1848) ಮೈಸೂರು ಸಂಸ್ಥಾನದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದ್ದ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ. ಪೂರ್ಣ ಹೆಸರು ಜಾನ್ ಆಂತ್ವಾನ್ ದ್ಯುಬುವಾ. ಅಬ್ಬೆ ಎಂಬುದು ಫ್ರಾನ್ಸಿನಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವಸೂಚಕ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಗ್ರಂಥದಿಂದ ಇವರು ಜಗತ್ತಿಗೆ ಪರಿಚಿತರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಜನರ ಬಳಿಗೆ ಒಯ್ದ ಮೊದಲಿಗರಲ್ಲಿ ಇವರೂ ಒಬ್ಬರು. ಹಾಸನ ಸೀಮೆಯಲ್ಲಿ ಇವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು.

ಆರಂಭಿಕ ಜೀವನ

ದ್ಯುಬುವಾ ಅವರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರೆಮೇಜ್ ಎಂಬ ಊರಿನವರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ವತಿಯಿಂದ ಭಾರತಕ್ಕೆ ಹೊರಟರು. ಫ್ರಾನ್ಸಿನಲ್ಲಿ ಆಗ ಮಹಾಕ್ರಾಂತಿಯ ಕಾಲ. ಪಾದ್ರಿಗಳ ಪ್ರಾಣಕ್ಕೇ ಸಂಚಕಾರವಿತ್ತು. ಮೊದಲ ಕೆಲವು ವರ್ಷಗಳನ್ನು ಪುದುಚೇರಿಯ ಮಿಷನ್ನಿನ ಆಶ್ರಯದಲ್ಲಿ ತಮಿಳು ಸೀಮೆಯಲ್ಲಿ ಕಳೆದರು.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸುವ ಹೊಣೆ ಇವರ ಪಾಲಿಗೆ ಬಂದಿತು. ಶ್ರೀರಂಗಪಟ್ಟಣದ ಗಂಜಾಮ್, ಮೈಸೂರು, ಬೆಂಗಳೂರುಗಳ ನಡುವೆ ಸಂಚರಿಸುತ್ತ ಕೆಲಸ ಮಾಡಿದರು. ಬೆಂಗಳೂರಿನ ಶಿವಾಜಿನಗರದಲ್ಲಿ ಇಂದು ಇರುವ ಸಂತ ಮೇರಿ ಬೆಸಿಲಿಕದ ಮೂಲವು ಇವರ ಕಾಲದ ಪುಟ್ಟ ಪ್ರಾರ್ಥನಾಲಯವೇ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕುಟುಂಬಗಳಿಗಾಗಿ ಕೃಷಿ ನೆಲೆಯೊಂದನ್ನು ಸ್ಥಾಪಿಸಿದರು.

ಇವರು ದೇಶೀಯ ಉಡುಪು ಧರಿಸಿ, ರುಮಾಲು ಸುತ್ತಿ, ಸ್ಥಳೀಯ ಭಾಷೆಗಳಲ್ಲಿಯೇ ಮಾತನಾಡುತ್ತಿದ್ದರು. ಊಟೋಪಚಾರಗಳಲ್ಲಿಯೂ ಇಲ್ಲಿನ ಪದ್ಧತಿಯನ್ನೇ ಅನುಸರಿಸಿದರು. ಯುರೋಪಿಯನ್ನರ ಸಹವಾಸವನ್ನು ಬೇಕೆಂದೇ ದೂರವಿಟ್ಟಿದ್ದರು. ಮತಪ್ರಚಾರಕ್ಕೆಂದು ರೂಢಿಸಿಕೊಂಡ ಈ ಬಾಳ್ವೆ ಹೆಚ್ಚು ಫಲ ಕೊಟ್ಟದ್ದು ಬೇರೊಂದು ಕಾರ್ಯದಲ್ಲಿ.

ಸಿಡುಬು ಮತ್ತು ಲಸಿಕೆ

ಆ ಕಾಲದಲ್ಲಿ ಸಿಡುಬು ಮತ್ತೆ ಮತ್ತೆ ಎರಗಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು; ಬದುಕುಳಿದವರಲ್ಲಿ ಅನೇಕರು ಕುರುಡರಾಗುತ್ತಿದ್ದರು. ಜನರ ಪಾಲಿಗೆ ಅದು ಬರಿಯ ರೋಗವಾಗಿರಲಿಲ್ಲ, ಅಮ್ಮನ ಆಗಮನವಾಗಿತ್ತು. ರೋಗಿಯ ಮನೆಗೆ ಬೇವಿನ ಸೊಪ್ಪು ಕಟ್ಟಿ, ಮಡಿ ಆಚರಿಸಿ, ಮಾರಮ್ಮನನ್ನು ಶಾಂತಗೊಳಿಸುವುದೇ ಉಪಚಾರ. ಮೈಗೆ ಬೇಕೆಂದೇ ಗಾಯ ಮಾಡಿ ಹೊರಗಿನ ಕೀವನ್ನು ಸೇರಿಸುವುದು ದೇವಿಯನ್ನು ಕೆಣಕಿದಂತೆ ಎಂಬ ಅಂಜಿಕೆ ಸಹಜವಾಗಿಯೇ ಇತ್ತು.

ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಗೋಸಿಡುಬಿನ ಲಸಿಕೆ ವಿಯೆನ್ನಾ, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ 1802ರ ಜೂನ್‌ನಲ್ಲಿ ಮುಂಬಯಿ ತಲುಪಿತು. ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ 3 ವರ್ಷದ ಮಗುವಿಗೆ ಹಾಕಿದ ಲಸಿಕೆ ಭಾರತದಲ್ಲಿ ಮೊದಲನೆಯದು. ಅಲ್ಲಿಂದ ಅದು ದಕ್ಷಿಣಕ್ಕೂ ಹರಡಿತು. ಹೀಗೆ ಹರಡಿದ ಕ್ರಮವನ್ನು ಗಮನಿಸಿದರೆ ಜನರ ಒಪ್ಪಿಗೆ ಎಷ್ಟು ಮುಖ್ಯವಾಗಿತ್ತೆಂಬುದು ತಿಳಿಯುತ್ತದೆ. ಒಣಗಿಸಿಟ್ಟ ಲಸಿಕೆ ಈ ನಾಡಿನ ಬಿಸಿಲಿಗೆ ಬಹುಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಲಸಿಕೆ ಹಾಕಿಸಿಕೊಂಡ ಮಗುವನ್ನು ಸುಮಾರು 8ನೆಯ ದಿನ ಮತ್ತೆ ಕರೆಸಿ, ಅದರ ತೋಳಿನ ಗುಳ್ಳೆಯಿಂದ ರಸ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕಾಗಿತ್ತು. ಒಂದು ವಾರ ಯಾರೂ ಬಾರದಿದ್ದರೆ ಸರಪಳಿಯೇ ಕಡಿದುಹೋಗುತ್ತಿತ್ತು. ಮೇಲಾಗಿ ಒಂದು ಜಾತಿಯ ಮಗುವಿನ ಮೈಯಿಂದ ತೆಗೆದ ರಸ ಇನ್ನೊಂದು ಜಾತಿಯ ಮಗುವಿನ ಮೈ ಸೇರಬೇಕು! ಅಪ್ಪಣೆಯಿಂದ ಆಗುವ ಕೆಲಸ ಇದಲ್ಲ. ಮೊದಲ ಮಗುವಿನ ತಾಯಿಯೂ ಎರಡನೆಯ ಮಗುವಿನ ತಾಯಿಯೂ ನಂಬಬೇಕಾಗಿತ್ತು.

ಕಂಪನಿ ಸರ್ಕಾರದ ವೈದ್ಯರು ಬೆರಳೆಣಿಕೆಯಷ್ಟಿದ್ದರು, ಹಳ್ಳಿಗರಿಗೆ ಅಪರಿಚಿತರೂ ಆಗಿದ್ದರು. ದ್ಯುಬುವಾ ಅವರಿಗೆ ಹಳ್ಳಿಗಳ ಬಳಕೆಯಿತ್ತು, ಮಾತು ಗೊತ್ತಿತ್ತು, ಜಾತಿಯ ಸೂಕ್ಷ್ಮಗಳ ಅರಿವಿತ್ತು. ತೀವ್ರ ವಿರೋಧವಿದ್ದರೂ ಅವರು ಲಸಿಕೆಯ ಕಾರ್ಯದಲ್ಲಿ ತೊಡಗಿದರು. 1803–04ರ ಅವಧಿಯಲ್ಲಿ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡದ್ದು ದಾಖಲಾಗಿದೆ. ಮುಂಬಯಿಗೆ ಲಸಿಕೆ ಬಂದು ಎರಡು ವರ್ಷ ತುಂಬುವ ಹೊತ್ತಿನ ಈ ಸಂಖ್ಯೆ ಸಣ್ಣದೇನಲ್ಲ.

ಅರಮನೆಯೂ ಇದಕ್ಕೆ ಬೆಂಬಲವಾಗಿ ನಿಂತಿತು. 1805ರಲ್ಲಿ ಸುಮಾರು 12 ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ವಿವಾಹವಾದಾಗ ವಧು ದೇವಾಜಮ್ಮಣ್ಣಿಯವರಿಗೆ ಲಸಿಕೆ ಹಾಕಲಾಯಿತು. ದಿವಾನ್ ಪೂರ್ಣಯ್ಯನವರು ಆ ಸಂಗತಿಯನ್ನು ಪ್ರಕಟಪಡಿಸಿದ ಮೇಲೆ ಜನ ಮುಂದೆ ಬಂದರೆಂದು 1806ರ ಕಂಪನಿ ದಾಖಲೆಯಿಂದ ತಿಳಿದುಬರುತ್ತದೆ. ಮೈಸೂರು ರಾಣಿಯರ ಪ್ರಸಿದ್ಧ ತೈಲಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ.

ಲಸಿಕೆ ಹಾಕಿಸುವುದಕ್ಕೆ ದೇವಿ ಹಾಕಿಸುವುದು ಎಂಬ ಮಾತೇ ಬಳಕೆಗೆ ಬಂದಿತು. ದೇವಿಗೆ ವಿರುದ್ಧವೆನಿಸಿದ್ದ ಲಸಿಕೆ ಜನರ ಬಾಯಲ್ಲಿ ದೇವಿಯ ಹೆಸರನ್ನೇ ಪಡೆದದ್ದು ಕುತೂಹಲಕರ.

ಗ್ರಂಥ

ದ್ಯುಬುವಾ ಅವರ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. ಮದರಾಸು ಸರ್ಕಾರ ಅದನ್ನು 2,000 ಪಗೋಡಗಳಿಗೆ ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಲೇಖಕರು ಪರಿಷ್ಕರಿಸಿದ ಪಾಠವನ್ನು ಆಧರಿಸಿ ಬೋಚಂಪ್ 1897ರಲ್ಲಿ ಹೊರತಂದ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. ಗ್ರಂಥದ ಹೆಚ್ಚಿನ ಭಾಗ ಹಿಂದಿನ ಜೆಸುಯಿಟ್ ಪಾದ್ರಿ ಕೇರ್ದು ಅವರ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿದ ಮೇಲೆ ಅದರ ಸ್ವಂತಿಕೆಯ ಬಗ್ಗೆ ಹಿಂದಿನ ಅಭಿಪ್ರಾಯ ಉಳಿದಿಲ್ಲ. ಹಿಂದೂ ಸಮಾಜವನ್ನು ಕುರಿತ ಅನೇಕ ತೀರ್ಪುಗಳು ಕಟುವೂ ಪೂರ್ವಗ್ರಹಪೀಡಿತವೂ ಆಗಿವೆ. ತೋಳು ನೀಡಿ ತಮ್ಮನ್ನು ನಂಬಿದ ಜನರ ಬಗ್ಗೆ ಲೇಖನಿ ಹಿಡಿದಾಗ ಅವರು ಅಷ್ಟು ಉದಾರಿಯಾಗಿರಲಿಲ್ಲ.

ಕೊನೆಯ ದಿನಗಳು

1823ರ ಜನವರಿಯಲ್ಲಿ ದ್ಯುಬುವಾ ಭಾರತವನ್ನು ಬಿಟ್ಟು ಫ್ರಾನ್ಸಿಗೆ ಮರಳಿದರು. ಈಸ್ಟ್ ಇಂಡಿಯಾ ಕಂಪನಿ ಅವರಿಗೆ ಪಿಂಚಣಿ ನೀಡಿತು. ಹಿಂದೂಗಳನ್ನು ಮತಾಂತರಿಸುವುದು ಸಾಧ್ಯವಿಲ್ಲವೆಂಬ ತಮ್ಮ ನಿಲುವನ್ನು ಅದೇ ವರ್ಷ ಪತ್ರಗಳ ರೂಪದಲ್ಲಿ ಪ್ರಕಟಿಸಿ ಮಿಷನರಿಗಳ ಟೀಕೆಗೆ ಗುರಿಯಾದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. 1836ರಿಂದ 1839ರವರೆಗೆ ವಿದೇಶಿ ಮಿಷನ್ ಸಂಘದ ಮುಖ್ಯಸ್ಥರಾಗಿದ್ದು, 1848ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು. ಚಿತ್ರಕಾರ ಥಾಮಸ್ ಹಿಕಿ ದೇಶೀಯ ಉಡುಪಿನಲ್ಲಿರುವ ಅವರ ಭಾವಚಿತ್ರವನ್ನು ರಚಿಸಿದ್ದಾನೆ. ಮೈಸೂರು ರಾಣಿಯರ ತೈಲಚಿತ್ರವೂ ಇವನದೇ ಎನ್ನಲಾಗಿದೆ.