ಒಣಕಾಡಿನ ಓದುಗ

ಬೆಂಗಳೂರಿನ ಕೆನ್ನೆತ್ ಆಂಡರ್ಸನ್ ಅವರ ಹೆಸರು ಕನ್ನಡದ ವಾಚಕರಿಗೆ ಹೊಸತಲ್ಲ. ಪೂರ್ಣಚಂದ್ರ ತೇಜಸ್ವಿಯವರು ಅವರ ಬರಹಗಳನ್ನು ಆಧರಿಸಿ ‘ಕಾಡಿನ ಕಥೆಗಳು’ ಮಾಲೆಯನ್ನು ರಚಿಸಿದ ಮೇಲಂತೂ ನಮ್ಮ ಶಾಲಾ ಬಾಲಕರಿಗೂ ಅವರು ಪರಿಚಿತರು. ಬಹುಕಾಲ ನಾನು ಅವರನ್ನು ಕೇವಲ ಗುರಿಕಾರರೆಂದು ಬಗೆದಿದ್ದೆ. ಆ ಎಣಿಕೆಯನ್ನು ತಿದ್ದಿದವನು ಒಬ್ಬ ಕುರಿಗಾಹಿ.

ಒಂದು ಬೇಸಗೆಯಲ್ಲಿ ಮಾಗಡಿ ಸೀಮೆಯ ಸಾವನದುರ್ಗದ ಕುರುಚಲು ಕಾಡಿನಂಚಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಬತ್ತಿದ ಹಳ್ಳದ ಮರಳಿನಲ್ಲಿ ಒಂದು ಹೆಜ್ಜೆಯನ್ನು ಕಂಡು, ಇದು ಚಿರತೆಯದೆಂದು ಗಂಭೀರವಾಗಿ ಸಾರಿದೆ. ಅಲ್ಲಿದ್ದ ಕುರಿಗಾಹಿ ಬಾಗಿ ನೋಡಿ, ಬೆರಳುಗಳ ಮುಂದೆ ಮೂಡಿದ್ದ ಉಗುರಿನ ಗುರುತುಗಳನ್ನು ತೋರಿಸಿ ನಕ್ಕ. ಚಿರತೆ ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಂಡಿರುತ್ತದೆ. ನಾನು ಕಂಡದ್ದು ನಾಯಿಯ ಹೆಜ್ಜೆ! ನಾಚಿಕೆಯಿಂದ ಮನೆಗೆ ಬಂದವನು ಆಂಡರ್ಸನ್ನರ ಪುಸ್ತಕಗಳನ್ನು ಮತ್ತೆ ತೆರೆದೆ.

ಹಲವು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮನೆತನದಲ್ಲಿ ಅವರು 1910ರಲ್ಲಿ ಜನಿಸಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಕಾನೂನು ಕಲಿಯಲೆಂದು ಎಡಿನ್‌ಬರೋಗೆ ಕಳುಹಿಸಿದರೆ, ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಮರಳಿದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ, ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದರು. ಸಂಬಳದ ನೌಕರರಾದ ಅವರಿಗೆ ಕಾಡು ದೊರೆಯುತ್ತಿದ್ದುದು ಬಿಡುವಿನ ದಿನಗಳಲ್ಲಿ ಮಾತ್ರ. ಡೆಂಕಣಿಕೋಟೆ, ಜವಳಗಿರಿ, ಅಂಚೆಟ್ಟಿ, ಕಾವೇರಿಯನ್ನು ಸೇರುವ ಚಿನ್ನಾರ್ ಹೊಳೆಯ ದಂಡೆ: ಇವು ಅವರ ನೆಚ್ಚಿನ ತಾಣಗಳು. ಮಳೆ ಕಡಿಮೆಯಾದ ಈ ಪ್ರದೇಶದಲ್ಲಿ ಬೇಸಗೆ ಬಂತೆಂದರೆ ಬಿದಿರು ಒಣಗುತ್ತದೆ, ಮರಗಳು ಬೋಳಾಗುತ್ತವೆ.

ಇಂತಹ ಕಾಡಿನಲ್ಲಿ ತರಗೆಲೆಯ ಮೇಲಿಟ್ಟ ಕಾಲು ಬಹು ದೂರಕ್ಕೆ ಕೇಳುತ್ತದೆ. ಆದುದರಿಂದ ಬೇಟೆಗೆ ಮುಂಚಿನ ಶೋಧವೆಲ್ಲ ಮರಳಿನ ಹಳ್ಳಗಳಲ್ಲಿಯೂ ಕಾಲುದಾರಿಗಳಲ್ಲಿಯೂ ನಡೆಯಬೇಕು. ನೀರು ಉಳಿದಿರುವ ಗುಂಡಿಗಳು ಯಾವುವೆಂದು ಮೊದಲು ತಿಳಿಯಬೇಕು. ಎಲ್ಲ ಪ್ರಾಣಿಗಳೂ ಅಲ್ಲಿಗೆ ಬಂದೇ ತೀರಬೇಕಷ್ಟೆ. ಬಿಸಿಲೇರಿ ಗಾಳಿ ಬೀಸುವ ಮುನ್ನ ಹೆಜ್ಜೆಗಳನ್ನು ಓದಬೇಕು. ಹೆಜ್ಜೆಯ ಮೇಲೆ ರಾತ್ರಿಯ ಹುಳುಗಳು ಹರಿದ ಜಾಡಿದ್ದರೆ ಅದು ಹಳೆಯದು. ಗಂಡುಹುಲಿಯ ಹೆಜ್ಜೆ ಅಗಲ, ಹೆಣ್ಣಿನದು ನೀಳ. ಕಡವೆಯ ಕೂಗು, ಮುಸುವದ ಎಚ್ಚರಿಕೆ, ದನಗಾಹಿಯ ಮಾತು, ಒಂದನ್ನೂ ಕಡೆಗಣಿಸುವಂತಿಲ್ಲ. ಈ ವಿದ್ಯೆಯನ್ನು ಅವರು ಕಲಿತದ್ದು ಕಾಡಿನ ಜನರಿಂದ. ಚಿನ್ನಾರ್ ದಂಡೆಯ ಬೈರನೆಂಬ ಪೂಜಾರಿಯನ್ನು ತಮ್ಮ ಗುರುವಿನಂತೆ, ಗೆಳೆಯನಂತೆ ಅವರು ಚಿತ್ರಿಸಿದ್ದಾರೆ.

ಇಷ್ಟೆಲ್ಲ ಶ್ರಮವೇಕೆ ಎಂದು ವಾಚಕರು ಕೇಳಬಹುದು. ನರಭಕ್ಷಕನೆಂದು ಭಾವಿಸಿ ಬೇರೊಂದು ಹುಲಿಯನ್ನು ಕೊಂದರೆ ನಿರಪರಾಧಿ ಸಾಯುತ್ತದೆ. ಹಳ್ಳಿಗರು ಭಯ ಕಳೆಯಿತೆಂದು ನಂಬಿ ಸೌದೆಗೆ ಹೊರಡುತ್ತಾರೆ. ನಿಜವಾದ ಕೊಲೆಗಾರ ಅಲ್ಲಿಯೇ ಕಾದಿರುತ್ತದೆ. ತಪ್ಪು ಓದಿನ ಬೆಲೆಯನ್ನು ತೆರುವವರು ಬಡವರು. ಮಾಗಡಿಯ ಚಿರತೆಯ ಕಥೆಯಲ್ಲಿ ಬರುವ ಮುನಿಶಾಮಿ ಹುಸಿ ಕುರುಹುಗಳನ್ನು ತಾನೇ ನಿರ್ಮಿಸಿ, ನಗರದ ಹವ್ಯಾಸಿ ಬೇಟೆಗಾರರಿಂದ ಹಣ ಕೀಳುತ್ತಿದ್ದವನು. ಓದಲು ಬಾರದವರಿದ್ದುದರಿಂದಲೇ ಅವನ ವ್ಯಾಪಾರ ನಡೆಯಿತು. ಆ ಕಥೆಯನ್ನು ಓದಿ ಹಿಂದೆ ಬಿದ್ದು ಬಿದ್ದು ನಕ್ಕಿದ್ದೆ. ಈಗ ಓದುವಾಗ ನನ್ನ ನಾಯಿಹೆಜ್ಜೆ ನೆನಪಾಗಿ ನಗು ಅಡಗಿತು.

ಆಂಡರ್ಸನ್ನರ ಮೊದಲ ಬೇಟೆಯ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಅವರ ಕಥೆಗಳಲ್ಲಿ ಗುಂಡಿನ ಸದ್ದಿಗೆ ಮೀಸಲಾದುದು ಕೆಲವೇ ಸಾಲು, ಹುಡುಕಾಟಕ್ಕೆ ಪುಟಗಟ್ಟಲೆ. ನೋಡುವ ಅಭ್ಯಾಸ ಬೆಳೆದಂತೆ ಕೊಲ್ಲುವ ಆಸೆ ಕುಂದಿತೋ ಏನೋ, ಕಡೆಗಾಲದಲ್ಲಿ ಅವರು ಕೋವಿಗಿಂತ ಕ್ಯಾಮರಾವನ್ನು ಮೆಚ್ಚಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಹುಲಿಯ ಬೇಟೆಯ ಕಾಲ ಮುಗಿಯಿತು. 1974ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಈಗಲೂ ಬೇಸಗೆಯಲ್ಲಿ ವಿದ್ಯಾರ್ಥಿಗಳೊಡನೆ ಆ ಹಳ್ಳಕ್ಕೆ ಹೋಗುವುದುಂಟು. ಹೆಜ್ಜೆ ಕಂಡರೆ ನಾನು ಬಾಯಿ ತೆರೆಯುವುದಿಲ್ಲ. ಮೊದಲು ಮಕ್ಕಳು ಮಂಡಿಯೂರಿ ಉಗುರಿನ ಗುರುತನ್ನು ಹುಡುಕಲಿ ಎಂದು ಸುಮ್ಮನೆ ನಿಲ್ಲುತ್ತೇನೆ.